ಸ್ಟೀರಿಯೋ ಜೋಡಿಗೆ ಸ್ಲೈಡ್ ಮೌಂಟ್ ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಇನ್ನೂ ಸ್ಲೈಡ್ ಫಿಲ್ಮ್ ಹಾಕಿ ಎರಡು ಕಣ್ಣಿನ ಚಿತ್ರ ತೆಗೆಯುವವರಿಗೆ ಬರುವ ಸಂಶಯಗಳನ್ನು ಇಲ್ಲಿ ಒಟ್ಟು ಮಾಡಿದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ತುಸು ಅಂತರದಲ್ಲಿ ತೆಗೆದ, ಒಟ್ಟಿಗೆ ನೋಡಿದಾಗ ಆಳ ಕಾಣುವ ಎರಡು ಚಿತ್ರಗಳೇ ಸ್ಟೀರಿಯೋ ಜೋಡಿ. ಫಿಲ್ಮ್ ತುಂಡನ್ನು ಹಿಡಿಯುವ ಚೌಕಟ್ಟೇ ಮೌಂಟ್. ಲೆಕ್ಕಗಳೆಲ್ಲ 35 ಮಿ.ಮೀ. ಫಿಲ್ಮ್, 50×50 ಮಿ.ಮೀ. ಮೌಂಟ್, 50 ಮಿ.ಮೀ. ಲೆನ್ಸಿಗೆ ಹಾಕಿದವು. ಬೇರೆಯಿದ್ದರೆ ಅಲ್ಲಲ್ಲೇ ಹೇಳಿದೆ.

ಮೌಂಟನ್ನು ತಿದ್ದಲೇಬೇಕೇ? ಲ್ಯಾಬಿನಿಂದ ಬಂದ ಎರಡು ಸ್ಲೈಡುಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ನೋಡಿದರೆ ಸಾಲದೇ?

ನೋಡಬಹುದು, ಆಳವೂ ಕಾಣುತ್ತದೆ. ಆದರೆ ಹತ್ತು ಜೋಡಿ ನೋಡುವಷ್ಟರಲ್ಲಿ ಹಣೆ ಸಿಡಿಯತೊಡಗುತ್ತದೆ. ಒಂಟಿ ಸ್ಲೈಡಿಗೆಂದು ಮಾಡಿದ ಮೌಂಟಿನಲ್ಲಿ ಫಿಲ್ಮ್ ಅರ್ಧ ಮಿ.ಮೀ. ಅತ್ತಿತ್ತ ಕೂತರೂ ಯಾರಿಗೂ ಗೊತ್ತಾಗುವುದಿಲ್ಲ. ಸ್ಟೀರಿಯೋ ಜೋಡಿಯಲ್ಲಾದರೆ ಎದುರಿನ ಕಂಗಿನಿಂದ (ಅಡಿಕೆ ಮರದಿಂದ) ಹಿಡಿದು ಹಿಂದಿನ ಗುಡ್ಡದವರೆಗಿನ ಇಡೀ ಆಳ, ಎರಡು ಚಿತ್ರಗಳಲ್ಲಿ ವಸ್ತುಗಳು ಅಡ್ಡಕ್ಕೆ ಸರಿದಿರುವ ವ್ಯತ್ಯಾಸವಾಗಿ, ಫಿಲ್ಮಿನ ಮೇಲೆ ಬರೇ 1.2 ಮಿ.ಮೀ.ಯೊಳಗೆ ಅಡಗಿರುತ್ತದೆ. ಅಲ್ಲಿ ಅರ್ಧ ಮಿ.ಮೀ. ಎಂದರೆ ಹೆಚ್ಚುಕಡಿಮೆ ಅರ್ಧ ಆಳವೇ ಜಾಗ ಬದಲಿಸಿದ ಹಾಗೆ.

ಇನ್ನೊಂದು ಮಾತು. ಕಣ್ಣುಗಳು ಒಳಕ್ಕೆ ಸುಲಭವಾಗಿ ತಿರುಗುತ್ತವೆ, ಆದರೆ ಒಂದು ಮೇಲೆ ಒಂದು ಕೆಳಗೆ ಹೋಗಲಾರವು. ಹಾಗಾಗಿ ಫಿಲ್ಮನ್ನು ಅಡ್ಡಕ್ಕೆ ಬೇಕೆಂದೇ ಸರಿಸುತ್ತೇವೆ. ಮೇಲೆ ಕೆಳಗೆ ಮಾತ್ರ 0.1 ಮಿ.ಮೀ.ಗಿಂತ ಹೆಚ್ಚು ಬಿಡಬಾರದು. ಮೌಂಟ್ ತಿದ್ದುವ ಕೆಲಸವೆಲ್ಲ ಈ ಎರಡಕ್ಕಾಗಿಯೇ: ಅಡ್ಡ ಓಡಾಟಕ್ಕೆ ದಾರಿ ಬಿಡುವುದು, ಉದ್ದ ಓಡಾಟವನ್ನು ಕಟ್ಟಿಹಾಕುವುದು.

‘ಕಿಟಕಿ’ ಎನ್ನುತ್ತಾರಲ್ಲ, ಅದು ಏನು?

ಚಾವಡಿಯ ಕಿಟಕಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬಲಗಣ್ಣಿಗೆ ಎಡ ಚೌಕಟ್ಟಿನ ಆಚೆ ತುಸು ಹೆಚ್ಚು ಅಂಗಳ ಕಾಣುತ್ತದೆ. ಎಡಗಣ್ಣಿಗೆ ಬಲ ಚೌಕಟ್ಟಿನ ಆಚೆ ಹೆಚ್ಚು ಕಾಣುತ್ತದೆ. ಮೌಂಟಿನ ತೆರಪಿನ (ಚಿತ್ರ ಕಾಣುವ ನಡುವಿನ ಕಂಡಿಯ) ಅಂಚು ಇದೇ ಕಿಟಕಿಯ ಚೌಕಟ್ಟು.

ಆದ್ದರಿಂದ ಜೋಡಿ ಸರಿಯಾಗಿ ಕೂತಿದ್ದರೆ, ಬಲ ಚಿತ್ರದ ಎಡ ಅಂಚಿನಲ್ಲಿ ಎಡ ಚಿತ್ರಕ್ಕಿಂತ ಸ್ವಲ್ಪ ಹೆಚ್ಚು ದೃಶ್ಯ ಇರಬೇಕು. ಅಳೆದು ನೋಡುವುದಾದರೆ, ಒಂದು ವಸ್ತು ಎಡ ಅಂಚಿನಿಂದ ಎಷ್ಟು ದೂರವಿದೆ ಎಂದು ಎರಡರಲ್ಲೂ ಅಳೆಯಿರಿ. ಎರಡೂ ಸಮನಾದರೆ ವಸ್ತು ಕಿಟಕಿಯ ಮೇಲೆಯೇ ಇದೆ. ಬಲ ಚಿತ್ರದಲ್ಲಿ ಹೆಚ್ಚಿದ್ದರೆ ಕಿಟಕಿಯ ಹಿಂದೆ, ಎಡ ಚಿತ್ರದಲ್ಲಿ ಹೆಚ್ಚಿದ್ದರೆ ಕಿಟಕಿ ದಾಟಿ ಮುಂದೆ. ಮುಂದೆ ಬಂದ ವಸ್ತುವನ್ನು ಚೌಕಟ್ಟಿನ ಅಂಚು ಕತ್ತರಿಸಿದ್ದರೆ ಕಣ್ಣು ಒಪ್ಪುವುದಿಲ್ಲ. ಹಿಂದಿರುವ ಚೌಕಟ್ಟು ಮುಂದಿರುವ ಕೊಂಬೆಯನ್ನು ಮುಚ್ಚುವುದು ಹೇಗೆ? ಜಾಗಟೆ ಹಿಡಿದ ಕೈ ಪೂರ್ತಿ ಚಿತ್ರದೊಳಗೇ ಇದ್ದು ಮುಂದಕ್ಕೆ ಚಾಚಿದ್ದರೆ ಚೆಂದ, ಅದಕ್ಕೆ ತೊಂದರೆಯಿಲ್ಲ.

ಯಾವ ಕಡೆಗೆ, ಎಷ್ಟು ಸರಿಸಬೇಕು?

ಎರಡು ಕ್ಯಾಮೆರಾಗಳನ್ನು ಸಮಾನಾಂತರವಾಗಿಟ್ಟು ತೆಗೆದ ಚಿತ್ರಗಳನ್ನು ಮೌಂಟಿನ ಸರೀ ನಡುವೆ ಕೂರಿಸಿದರೆ ಬಾನಂಚು ಕಿಟಕಿಯ ಮೇಲೆ ಕೂರುತ್ತದೆ, ಉಳಿದದ್ದೆಲ್ಲ ಮುಂದಕ್ಕೆ ಸುರಿಯುತ್ತದೆ. ದೃಶ್ಯವನ್ನು ಹಿಂದಕ್ಕೆ ತಳ್ಳಲು ಎಡ ತುಂಡನ್ನು ಎಡಕ್ಕೆ, ಬಲ ತುಂಡನ್ನು ಬಲಕ್ಕೆ ಸರಿಸಬೇಕು. ಒಟ್ಟು ಆಳ 1.2 ಮಿ.ಮೀ. ಇದ್ದರೆ ತಲಾ 0.6 ಮಿ.ಮೀ.

ಇಲ್ಲೇ ತೊಡಕು. ಫಿಲ್ಮಿನ ಚಿತ್ರ 36 ಮಿ.ಮೀ. ಅಗಲ, ಮೌಂಟಿನ ತೆರಪು ಸುಮಾರು 35. ಅಂದರೆ ಒಂದೊಂದು ಬದಿಗೆ ಅರ್ಧ ಮಿ.ಮೀ. ಮಾತ್ರ ಸಲಿಗೆ. ಅದಕ್ಕಿಂತ ಹೆಚ್ಚು ಸರಿಸಿದರೆ ಎರಡು ಚಿತ್ರಗಳ ನಡುವಿನ ಕಪ್ಪು ಪಟ್ಟಿ ತೆರಪಿನೊಳಗೆ ಇಣುಕುತ್ತದೆ. ಸ್ಲೈಡ್ ಫಿಲ್ಮಿನಲ್ಲಿ ಬೆಳಕು ಬೀಳದ ಜಾಗ ಕಪ್ಪಾದ್ದರಿಂದ ಕಣ್ಣಿಗೆ ಚುಚ್ಚುವುದಿಲ್ಲ, ಆದರೆ ಕಿಟಕಿಯ ಅಂಚು ನಿಮ್ಮ ಕೈ ತಪ್ಪಿ ಕ್ಯಾಮೆರಾದ ಕೈಗೆ ಹೋಗುತ್ತದೆ. ತೆರಪನ್ನು 34 ಮಿ.ಮೀ.ಗೆ ಕಿರಿದು ಮಾಡಿಕೊಂಡರೆ ತಲಾ 1 ಮಿ.ಮೀ. ಸಲಿಗೆ ಸಿಗುತ್ತದೆ, ಅಷ್ಟು ಧಾರಾಳ ಸಾಕು.

ಈ 1.2 ಮಿ.ಮೀ. ಮೀರದಂತೆ ಚಿತ್ರ ತೆಗೆಯುವುದು ಹೇಗೆ?

ಬಾನಂಚು ಚಿತ್ರದಲ್ಲಿದ್ದರೆ, ಅತಿ ಹತ್ತಿರದ ವಸ್ತುವಿನ ದೂರವನ್ನು 42ರಿಂದ ಭಾಗಿಸಿ. 2 ಮೀಟರಿಗೆ 48 ಮಿ.ಮೀ., 3 ಮೀಟರಿಗೆ 71 ಮಿ.ಮೀ., 5 ಮೀಟರಿಗೆ 119 ಮಿ.ಮೀ. ಎರಡು ಲೆನ್ಸುಗಳ ನಡುವಿನ ಅಂತರ ಇಷ್ಟಿರಲಿ. 35 ಮಿ.ಮೀ. ಲೆನ್ಸಾದರೆ ಮೂವತ್ತರಲ್ಲೊಂದು ಪಾಲು ಎಂಬ ಹಳೆಯ ಲೆಕ್ಕ ಸರಿಹೊಂದುತ್ತದೆ. ಹಿನ್ನೆಲೆ ದೂರವಿಲ್ಲದಿದ್ದರೆ ಅಂತರ ಹೆಚ್ಚಿಸಬಹುದು. ಎದುರಿನ ವಸ್ತು 2 ಮೀಟರ್, ಹಿಂದಿನ ಮುರಕಲ್ಲಿನ ಗೋಡೆ 4 ಮೀಟರ್ ದೂರದಲ್ಲಿದ್ದರೆ 96 ಮಿ.ಮೀ.ವರೆಗೆ ಹೋಗಬಹುದು.

ತೆಗೆಯುವಾಗ ಮೀರಿದ್ದನ್ನು ಮೌಂಟಿನಲ್ಲಿ ಸರಿಮಾಡಲಾಗುವುದಿಲ್ಲ. ಮೌಂಟ್ ಆಳವನ್ನು ಹಿಂದೆ ಮುಂದೆ ಸರಿಸಬಲ್ಲುದೇ ಹೊರತು ಕುಗ್ಗಿಸಲಾರದು.

ಯಾವ ಬಗೆಯ ಮೌಂಟ್ ತಿದ್ದಲು ಒಳ್ಳೆಯದು?

ಎರಡು ಹೋಳಾಗಿ ಬಿಚ್ಚಿ ಮತ್ತೆ ಒತ್ತಿ ಮುಚ್ಚುವ, ಗಾಜಿಲ್ಲದ ಪ್ಲಾಸ್ಟಿಕ್ ಮೌಂಟ್. ಗೇಪೆ ಕಂಪನಿಯ ಮಾದರಿಯವುಗಳ ಒಳಗೆ ತೆಳು ಲೋಹದ ಮುಖವಾಡ ಇರುವುದರಿಂದ ತೆರಪಿನ ಅಂಚು ಚೊಕ್ಕವಾಗಿರುತ್ತದೆ. ರಟ್ಟಿನ ಮೌಂಟ್ ಬೇಡ: ಒಮ್ಮೆ ಬಿಚ್ಚಿದರೆ ಮುಗಿಯಿತು, ಅಂಚಿನ ನಾರು ದೊಡ್ಡದಾಗಿ ಕಂಡಾಗ ಹುಲ್ಲು ಬೆಳೆದಂತೆ ತೋರುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಒಂದು ಬದಿಯ ಸೀಳಿನಿಂದ ಫಿಲ್ಮ್ ತೂರಿಸುವ ಲ್ಯಾಬ್ ಮೌಂಟುಗಳೂ ತಿದ್ದುವುದಕ್ಕೆ ಒದಗುವುದಿಲ್ಲ, ಒಳಗೆ ಕೈಯಾಡಿಸಲು ಜಾಗವೇ ಇರುವುದಿಲ್ಲ.

ಸ್ಟೀರಿಯೋಗೆಂದೇ ಮಾಡಿದ, ಅಡ್ಡಕ್ಕೆ ಸರಿಸಬಲ್ಲ ಜರ್ಮನಿಯ ಆರ್‌ಬಿಟಿ ಮೌಂಟುಗಳಿದ್ದರೆ ಈ ಪುಟದ ಅರ್ಧಭಾಗ ನಿಮಗೆ ಬೇಕಾಗುವುದಿಲ್ಲ.

ಲ್ಯಾಬ್ ಹಾಕಿಕೊಟ್ಟ ಮೌಂಟಿನಿಂದ ಫಿಲ್ಮ್ ಬಿಡಿಸುವುದು ಹೇಗೆ?

ಮೊದಲ ಉತ್ತರ: ಹಾಕಿಸಲೇಬೇಡಿ. ‘ಕತ್ತರಿಸಬೇಡಿ, ಮೌಂಟ್ ಬೇಡ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕೌಂಟರಿನಲ್ಲಿ ಕೇಳಿಸಿಕೊಂಡವರೇ ಫಿಲ್ಮ್ ತೊಳೆಯುವುದಿಲ್ಲ. ರೋಲಿನ ಡಬ್ಬಿಯ ಮೇಲೆಯೇ ಮಾರ್ಕರಿನಲ್ಲಿ ಬರೆಯಿರಿ. ಕತ್ತರಿಸುವ ಯಂತ್ರಕ್ಕೆ ಜೋಡಿಯ ಲೆಕ್ಕ ಗೊತ್ತಿಲ್ಲ. ಎರಡು ಚಿತ್ರಗಳ ನಡುವಿನ 2 ಮಿ.ಮೀ. ಪಟ್ಟಿ ತಪ್ಪಿ ಚಿತ್ರದ ಮೇಲೆಯೇ ಕತ್ತರಿ ಬಿದ್ದರೆ ಆ ಜೋಡಿ ಹೋಯಿತು.

ಈಗಾಗಲೇ ಹಾಕಿದ್ದರೆ, ರಟ್ಟಿನದಾದರೆ ಹೊರ ಅಂಚಿನಲ್ಲಿ ಮೂರು ಬದಿಗೆ ಬ್ಲೇಡ್ ಆಡಿಸಿ ಪುಸ್ತಕದಂತೆ ತೆರೆಯಿರಿ. ಬ್ಲೇಡಿನ ಮೊನೆ 5 ಮಿ.ಮೀ.ಗಿಂತ ಒಳಗೆ ಹೋಗಬಾರದು. ಬೆಸೆದ ಪ್ಲಾಸ್ಟಿಕ್ಕಾದರೆ ಮೌಂಟನ್ನು ಮೆಲ್ಲಗೆ ಬಾಗಿಸಿ ಒಂದು ಮೂಲೆ ಸಿಡಿಯುವಂತೆ ಮಾಡಿ, ಅಲ್ಲಿಂದ ತೆಳು ಚಾಕು ತೂರಿಸಿ. ಬೆಸುಗೆಯ ಪುಡಿ ಫಿಲ್ಮಿನ ಮೇಲೆ ಬಿದ್ದರೆ ಒರೆಸಬೇಡಿ, ಬ್ಲೋವರಿನಿಂದ ಊದಿ. ಒರೆಸಿದರೆ ಗೀರು ಬೀಳುತ್ತದೆ.

ತಿದ್ದುವ ಕ್ರಮ ಏನು?

ಬೇಕಾದವು: ಚೂಪು ಕಟ್ಟರ್, ಚಿಕ್ಕ ನಿಪ್ಪರ್, 400 ನಂಬರಿನ ಉಪ್ಪುಕಾಗದ, ಸ್ಟೀಲ್ ಸ್ಕೇಲು, ವರ್ನಿಯರ್ ಕ್ಯಾಲಿಪರ್, ಚಪ್ಪಟೆ ತುದಿಯ ಚಿಮಟ, ಹತ್ತಿಯ ಕೈಗವಸು, ಭೂತಗನ್ನಡಿ. ಲೈಟ್ ಬಾಕ್ಸ್ ಇಲ್ಲದಿದ್ದರೆ ಮೊಬೈಲಿನಲ್ಲಿ ಬಿಳಿ ಪರದೆ ತೆರೆದು, ಅದರ ಮೇಲೆ ಎರಡು ಸೆಂ.ಮೀ. ಎತ್ತರದಲ್ಲಿ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಟ್ಟರೆ ನಡೆಯುತ್ತದೆ. ನೇರ ಪರದೆಯ ಮೇಲಿಟ್ಟರೆ ಚುಕ್ಕಿಗಳು ಕಾಣುತ್ತವೆ.

1. ಮೌಂಟ್ ಬಿಚ್ಚಿ ಒಳಗೆ ಏನೇನು ಫಿಲ್ಮನ್ನು ತಡೆಯುತ್ತದೆ ನೋಡಿ. ಮೇಲೆ ಕೆಳಗೆ 35 ಮಿ.ಮೀ. ಅಂತರದಲ್ಲಿ ಎರಡು ದಿಂಡುಗಳು, ಎಡಬಲದಲ್ಲಿ ಮೊಳೆಯಂಥ ಗುಬುಟುಗಳು, ಕೆಲವದರಲ್ಲಿ ಫಿಲ್ಮಿನ ತೂತಿಗೆ ಸಿಕ್ಕಿಕೊಳ್ಳುವ ಮುಳ್ಳುಗಳು ಇರುತ್ತವೆ.
2. ಎಡಬಲದ ಗುಬುಟು, ತೂತಿನ ಮುಳ್ಳು ಎರಡನ್ನೂ ನಿಪ್ಪರಿನಿಂದ ಕತ್ತರಿಸಿ. ಮೇಲೆ ಕೆಳಗಿನ ದಿಂಡನ್ನು ಮುಟ್ಟಲೇಬೇಡಿ. ಫಿಲ್ಮ್ ಎತ್ತರದಲ್ಲಿ ಜಾರದಂತೆ ಹಿಡಿಯುವುದು ಅದೊಂದೇ. ಹೆಚ್ಚಿನ ಮೌಂಟುಗಳು ಹಾಳಾಗುವುದು ಈ ಹಂತದಲ್ಲಿ, ಉತ್ಸಾಹದಲ್ಲಿ ಎಲ್ಲವನ್ನೂ ಬೋಳಿಸಿಬಿಡುವುದರಿಂದ.
3. ಉಳಿದ ಬುಡವನ್ನು ಕಟ್ಟರಿನಿಂದ ಹೆರೆದು, ಉಪ್ಪುಕಾಗದದಿಂದ ನುಣುಪು ಮಾಡಿ. ಬೆರಳ ತುದಿಗೆ ಏನೂ ತಾಗಬಾರದು.
4. ಸೋಪುನೀರಿನಲ್ಲಿ ತೊಳೆದು, ಒಂದು ಇರುಳು ಒಣಗಿಸಿ. ಪುಡಿ ಉಳಿದರೆ ಅದು ಚಿತ್ರದ ಆಕಾಶಕ್ಕೇ ಹೋಗಿ ಕೂರುತ್ತದೆ.
5. ಫಿಲ್ಮ್ ತುಂಡು 38 ಮಿ.ಮೀ. ಉದ್ದವಿರುತ್ತದೆ. ಸರಿಸಿದಾಗ ಮೌಂಟಿನ ಗೋಡೆಗೆ ತಾಗಿದರೆ ಗೋಡೆ ಕೊರೆಯುವ ಬದಲು ಫಿಲ್ಮಿನ ತುದಿಯಿಂದ ಅರ್ಧ ಮಿ.ಮೀ. ತೆಗೆಯಿರಿ. ಚಿತ್ರದ ಅಂಚಿನ ಆಚೆ ಅಷ್ಟು ಕಪ್ಪು ಉಳಿದರೆ ಸಾಕು.
6. ತುಂಡನ್ನು ಕೂರಿಸಿ, ಅಳತೆ ಹಾಳೆಯ ಮೇಲೆ ಹೊಂದಿಸಿ, ಮೇಲಂಚಿನಲ್ಲಿ ಮಾತ್ರ ಟೇಪು ಹಾಕಿ, ಮುಚ್ಚಿ. ಮುಚ್ಚುವಾಗ ಫಿಲ್ಮ್ ಜಾರುವುದುಂಟು, ಆದ್ದರಿಂದ ಮುಚ್ಚಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಅಳತೆ ಹಾಳೆ ಎಲ್ಲಿ ಸಿಗುತ್ತದೆ?

ಪಾರದರ್ಶಕ ಹಾಳೆಯ ಮೇಲೆ ಲೇಸರ್ ಪ್ರಿಂಟರಿನಲ್ಲಿ ನೀವೇ ಮಾಡಿಕೊಳ್ಳಿ: ಎರಡು ಚೌಕ, ಒಂದೊಂದರಲ್ಲೂ ಅಡ್ಡಗೆರೆಗಳು, 1.2 ಮಿ.ಮೀ. ಅಂತರದ ಉದ್ದಗೆರೆ ಜೋಡಿಗಳು. ಜೆರಾಕ್ಸ್ ಅಂಗಡಿಯ ಪ್ರಿಂಟರು ‘ಹಾಳೆಗೆ ಹೊಂದಿಸು’ ಎಂದು ಅಳತೆಯನ್ನು ತಾನೇ ಕುಗ್ಗಿಸಿರಬಹುದು. 100 ಮಿ.ಮೀ. ಗೆರೆಯೊಂದನ್ನೂ ಮುದ್ರಿಸಿಕೊಂಡು ಸ್ಟೀಲ್ ಸ್ಕೇಲಿನಲ್ಲಿ ಪರೀಕ್ಷಿಸಿ.

ಎತ್ತರ ಹೊಂದಿಸಲು ಫಿಲ್ಮಿನ ತೂತುಗಳನ್ನು ನಂಬಬೇಡಿ, ಕ್ಯಾಮೆರಾ ತುಸು ಓರೆಯಾಗಿದ್ದರೂ ಅವು ಸುಳ್ಳು ಹೇಳುತ್ತವೆ. ಚಿತ್ರದೊಳಗಿನ ವಸ್ತುವನ್ನೇ ಹಿಡಿಯಿರಿ: ಎಡ ಅಂಚಿನ ಬಳಿ ಒಂದು, ಬಲ ಅಂಚಿನ ಬಳಿ ಒಂದು. ಒಂದು ಕಡೆ ಹೊಂದಿ ಇನ್ನೊಂದು ಕಡೆ ಹೊಂದದಿದ್ದರೆ ತುಂಡು ತಿರುಗಿದೆ ಎಂದರ್ಥ. ಒಂದು ಡಿಗ್ರಿ ತಿರುಗಿದರೆ 36 ಮಿ.ಮೀ. ಅಗಲದಲ್ಲಿ ಒಂದು ತುದಿ ಇನ್ನೊಂದಕ್ಕಿಂತ 0.63 ಮಿ.ಮೀ. ಏರುತ್ತದೆ, ನಮ್ಮ ಮಿತಿಯ ಆರು ಪಟ್ಟು.

ಬೇಕಲ ಕೋಟೆಯಂಥ ಮುರಕಲ್ಲಿನ ಗೋಡೆ ಚಿತ್ರದಲ್ಲಿದ್ದರೆ ಕೆಲಸ ಹಗುರ, ಕಲ್ಲಿನ ಒಂದೊಂದು ತೂತೂ ಒಂದೊಂದು ಗುರುತು. ಅಡಿಕೆ ತೋಟ ಅದಕ್ಕೆ ತದ್ವಿರುದ್ಧ. ಕಂಗುಗಳೆಲ್ಲ ಒಂದೇ ದಪ್ಪ, ಒಂದೇ ಬಣ್ಣ, ಒಂದೇ ಸಾಲು. ಎಡ ಚಿತ್ರದ ಮೂರನೆಯ ಕಂಗನ್ನು ಬಲ ಚಿತ್ರದ ನಾಲ್ಕನೆಯದಕ್ಕೆ ಹೊಂದಿಸಿ, ಆಳ ಯಾಕೆ ತಲೆಕೆಳಗಾಯಿತೆಂದು ಗಂಟೆಗಟ್ಟಲೆ ಹುಡುಕುವುದು ಇಲ್ಲಿ ಮಾಮೂಲು. ಕಾಂಡದ ಮೇಲಿನ ಬಿಳಿ ಮಚ್ಚೆಯನ್ನೋ ನೇತಾಡುವ ಒಣ ಅಡಿಕೆ ಹಾಳೆಯನ್ನೋ ಗುರುತಿಟ್ಟುಕೊಂಡು ಹೊಂದಿಸಿ.

ಯಾವ ಟೇಪು? ಸೆಲ್ಲೋಟೇಪು ಸಾಲದೇ?

ಸೆಲ್ಲೋಟೇಪಿನ ಅಂಟು ಬಿಸಿಗೂ ತೇವಕ್ಕೂ ಹರಿದು ಫಿಲ್ಮಿನ ಮೇಲೆ ತೆವಳುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಕೀಳಲು ಹೋದರೆ ಫಿಲ್ಮಿನ ಪದರವೇ ಕಿತ್ತು ಬರಬಹುದು. ಬೆಳ್ಳಿಬಣ್ಣದ ಪಾಲಿಯೆಸ್ಟರ್ ಟೇಪು ಉತ್ತಮ. ಸಿಗದಿದ್ದರೆ ಮೊಬೈಲ್ ರಿಪೇರಿಯವರ ಹಳದಿ ಶಾಖನಿರೋಧಕ ಟೇಪು, 5 ಮಿ.ಮೀ. ಅಗಲದ್ದು.

ತೂತುಗಳ ಸಾಲಿನ ಮೇಲೆ ಮಾತ್ರ ಅಂಟಿಸಿ, ಅದೂ ಮೇಲಿನ ಒಂದೇ ಬದಿಗೆ. ನಾಲ್ಕೂ ಕಡೆ ಬಿಗಿದರೆ ದೀಪದ ಬಿಸಿಗೆ ಹಿಗ್ಗಿದ ಫಿಲ್ಮಿಗೆ ಹೋಗಲು ಜಾಗವಿಲ್ಲದೆ ನಡುವೆ ಹಪ್ಪಳದಂತೆ ಉಬ್ಬುತ್ತದೆ.

ತುಂಡು ಸರಿಸದೆ, ತೆರಪನ್ನೇ ಕಿರಿದು ಮಾಡಿ ಕಿಟಕಿ ಸರಿಪಡಿಸಬಹುದೇ?

ಖಂಡಿತ. ಎಡ ಚಿತ್ರದ ಎಡ ಅಂಚು, ಬಲ ಚಿತ್ರದ ಬಲ ಅಂಚು: ಈ ಎರಡನ್ನು ಸಮನಾಗಿ ಮುಚ್ಚಿದರೆ ಕಿಟಕಿ ನೋಡುವವರ ಕಡೆಗೆ ಬರುತ್ತದೆ, ಅಂದರೆ ದೃಶ್ಯ ಹಿಂದೆ ಸರಿದಂತಾಗುತ್ತದೆ. ಅದಲುಬದಲು ಮಾಡಿ ಒಳಗಿನ ಅಂಚುಗಳನ್ನು ಮುಚ್ಚಿದರೆ ಇದ್ದ ತೊಂದರೆ ಇಮ್ಮಡಿ.

ಮುಚ್ಚಲು ಅಲ್ಯೂಮಿನಿಯಂ ಟೇಪನ್ನು ಸ್ಕೇಲಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ. ಕತ್ತರಿಯಿಂದ ಕತ್ತರಿಸಿದರೆ ಅಂಚು ಸುರುಳಿಯಾಗುತ್ತದೆ. ಟೇಪನ್ನು ಮೌಂಟಿನ ಮುಖವಾಡಕ್ಕೆ ಅಂಟಿಸಿ, ಫಿಲ್ಮಿಗಲ್ಲ. ರೋಲಿನ ಕೊನೆಯ ಕಪ್ಪು ತುಂಡಿನಿಂದ ಮುಖವಾಡ ಕತ್ತರಿಸಿಕೊಳ್ಳುವುದೂ ಉಂಟು. ಕೈಯಲ್ಲಿ ಹಿಡಿದು ನೋಡುವ ವ್ಯೂವರಿಗೆ ಅದು ಚೆನ್ನ, ಪ್ರೊಜೆಕ್ಟರಿಗೆ ಬೇಡ: ಕಪ್ಪು ಬಿಸಿಯನ್ನು ಹೀರುತ್ತದೆ.

ಎಡ ಬಲ, ಒಳಮೈ ಹೊರಮೈ ಗೊಂದಲವಾಗುತ್ತದೆ.

ಫಿಲ್ಮಿನ ಹೊಳೆಯುವ ಮೈ ಕಣ್ಣಿನ ಕಡೆ, ಮಂಕು ಮೈ ಆಚೆ. ಅಂಚಿನ ಅಕ್ಷರಗಳು ಆಗ ಸರಿಯಾಗಿ ಓದಲು ಬರುತ್ತವೆ. ಪ್ರೊಜೆಕ್ಟರಿನಲ್ಲಿ ಹೊಳೆಯುವ ಮೈ ದೀಪದ ಕಡೆಗೆ, ಮೌಂಟಿನ ಬಿಳಿ ಬದಿಯೂ ಅದೇ ಕಡೆಗೆ.

ಒಂದೇ ಕ್ಯಾಮೆರಾ ಸರಿಸಿ ತೆಗೆಯುವವರು ಯಾವಾಗಲೂ ಎಡವನ್ನೇ ಮೊದಲು ತೆಗೆಯುವ ರೂಢಿ ಇಟ್ಟುಕೊಂಡರೆ ಚಿಕ್ಕ ನಂಬರು ಎಡ. ಫಿಲ್ಮ್ ಕತ್ತರಿಸುವ ಮೊದಲೇ ತೂತಿನ ಸಾಲಿನಲ್ಲಿ ಬಲದ್ದಕ್ಕೆ ಕೆಂಪು ಚುಕ್ಕೆ ಇಡಿ. ಅದಲುಬದಲಾದರೆ ತಕ್ಷಣ ಗೊತ್ತಾಗುವುದಿಲ್ಲ, ‘ಏನೋ ಸರಿಯಿಲ್ಲ’ ಎನಿಸುತ್ತದೆ ಅಷ್ಟೆ. ಎದುರಿನ ಕಂಬ ಆಕಾಶಕ್ಕೆ ಕೊರೆದ ಕಂಡಿಯಂತೆ ಕಂಡರೆ ಅದಲುಬದಲಾಗಿದೆ.

ಎರಡು ಮೌಂಟುಗಳನ್ನು ಒಟ್ಟಿಗೆ ಹಿಡಿಯುವ ಚೌಕಟ್ಟಿನ ಅಳತೆ?

ಎರಡು ಮೌಂಟುಗಳ ನಡುವೆ 12 ಮಿ.ಮೀ. ಜಾಗ ಬಿಡಿ. ಆಗ ತೆರಪುಗಳ ನಡುಬಿಂದುಗಳ ಅಂತರ 62 ಮಿ.ಮೀ. ತುಂಡುಗಳನ್ನು ಹೊರಕ್ಕೆ ಸರಿಸಿರುವುದರಿಂದ ಬಾನಂಚಿನ ಬಿಂದುಗಳ ಅಂತರ 63.2 ಆಗುತ್ತದೆ, ಕಣ್ಣಿನ ಅಂತರಕ್ಕೆ ಹತ್ತಿರ. ಕಣ್ಣಿನ ಅಂತರ 64 ತಾನೇ ಎಂದು ತೆರಪುಗಳನ್ನೇ 64ಕ್ಕೆ ಇಟ್ಟರೆ ಬಾನಂಚು 65 ದಾಟಿ, ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ. ಅದು ಅವುಗಳಿಗೆ ಬಾರದ ವಿದ್ಯೆ.

ಒಂಟಿ ಸ್ಲೈಡ್ ವ್ಯೂವರುಗಳೆರಡನ್ನು ಅಂಟಿಸುವುದಾದರೆ ಎರಡೂ ಒಂದೇ ಮಾದರಿಯಾಗಿರಲಿ. ಡಬ್ಬಿ ಅಗಲವಾಗಿದ್ದರೆ ಒಳಬದಿಯ ಗೋಡೆಗಳನ್ನು ಅರದಿಂದ ಉಜ್ಜಿ ಲೆನ್ಸುಗಳ ನಡುಬಿಂದು 63–64 ಮಿ.ಮೀ.ಗೆ ತನ್ನಿ. ವ್ಯೂವರಿನ ಲೆನ್ಸು ಕ್ಯಾಮೆರಾ ಲೆನ್ಸಿನಷ್ಟೇ ನಾಭಿದೂರದ್ದಾದರೆ ಆಳ ಸಹಜವಾಗಿ ಕಾಣುತ್ತದೆ. ವ್ಯೂವರ್ ಲೆನ್ಸಿನ ನಾಭಿದೂರ ತೀರಾ ಹೆಚ್ಚಾದರೆ ಆಳ ಎಳೆದಂತಾಗುತ್ತದೆ.

ಪರದೆಯ ಮೇಲೆ ತೋರಿಸುವುದಾದರೆ?

ಒಂದೇ ಮಾದರಿಯ ಎರಡು ಪ್ರೊಜೆಕ್ಟರು, ಲೆನ್ಸುಗಳ ಮುಂದೆ ಇಂಗ್ಲಿಷಿನ ವಿ ಆಕಾರದಲ್ಲಿ 45 ಡಿಗ್ರಿ ಓರೆಯಾದ ಪೋಲರೈಸರುಗಳು (ಬೆಳಕನ್ನು ಒಂದೇ ಓರೆಯಲ್ಲಿ ಹಾಯಿಸುವ ಫಿಲ್ಟರುಗಳು), ಅದೇ ಓರೆಯ ಕನ್ನಡಕಗಳು. ಬಿಳಿ ಗೋಡೆ, ಪಂಚೆ, ಬೆಡ್‌ಶೀಟು ಯಾವುದೂ ಆಗದು. ಅವು ಬೆಳಕಿನ ಧ್ರುವೀಕರಣವನ್ನು ಕಲಸಿಬಿಡುತ್ತವೆ, ಎರಡೂ ಚಿತ್ರ ಎರಡೂ ಕಣ್ಣಿಗೆ ಬೀಳುತ್ತದೆ. ಬೆಳ್ಳಿಪರದೆಯೇ ಬೇಕು. ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟನ್ನು ನುಣುಪು ಪ್ಲೈವುಡ್ಡಿಗೆ ಒಂದೇ ದಿಕ್ಕಿನಲ್ಲಿ ರೋಲರಿನಿಂದ ಬಳಿದರೆ ಮನೆಮಟ್ಟಿಗೆ ಸಾಕು, ನಡುವೆ ತುಸು ಹೆಚ್ಚು ಬೆಳಗುವುದನ್ನು ಸಹಿಸಿಕೊಳ್ಳಬೇಕು.

ಚಿತ್ರ 1.5 ಮೀಟರ್ ಅಗಲ ಬಂದರೆ ಫಿಲ್ಮಿನ 1.2 ಮಿ.ಮೀ. ಪರದೆಯ ಮೇಲೆ ಸುಮಾರು 51 ಮಿ.ಮೀ., 1.8 ಮೀಟರಿಗೆ 62 ಮಿ.ಮೀ. ಎರಡು ಮೀಟರ್ ದಾಟಿದರೆ ಬಾನಂಚಿನ ಬಿಂದುಗಳು ಕಣ್ಣಿನ ಅಂತರವನ್ನು ಮೀರುತ್ತವೆ. ಹಾಗೆಯೇ, ಮೌಂಟಿನಲ್ಲಿ ಬಿಟ್ಟ 0.1 ಮಿ.ಮೀ. ಎತ್ತರದ ತಪ್ಪು ಇಲ್ಲಿ 4 ಮಿ.ಮೀ. ಆಗಿ ಎದ್ದು ನಿಲ್ಲುತ್ತದೆ. ಮೊದಲು ಖಾಲಿ ಮೌಂಟ್ ಜೋಡಿ ಹಾಕಿ, ತೆರಪಿನ ಅಂಚುಗಳು ಒಂದರ ಮೇಲೊಂದು ಕೂರುವಂತೆ ಪ್ರೊಜೆಕ್ಟರುಗಳನ್ನು ಹೊಂದಿಸಿ. ಆಮೇಲೆ ಒಂದೊಂದು ಚಿತ್ರಕ್ಕೂ ಪ್ರೊಜೆಕ್ಟರ್ ತಿರುವುವ ಪರಿಸ್ಥಿತಿ ಬಂದರೆ ತಪ್ಪು ಮೌಂಟಿನದು.

ದಪ್ಪದ ಮೇಲೂ ಕಣ್ಣಿಡಿ. 80 ಸ್ಲೈಡಿನ ದುಂಡು ತಟ್ಟೆ ಸುಮಾರು 3 ಮಿ.ಮೀ. ದಪ್ಪವನ್ನು ತಾಳುತ್ತದೆ, 140ರ ತಟ್ಟೆ ಅದರ ಅರ್ಧವನ್ನಷ್ಟೇ. ಟೇಪಿನ ತುದಿ ಹೊರಗೆ ಎದ್ದಿದ್ದರೆ ಸ್ಲೈಡ್ ಸಿಕ್ಕಿಕೊಂಡು ದೀಪದ ಮುಂದೆಯೇ ನಿಂತುಬಿಡುತ್ತದೆ.

ನಮ್ಮ ಮಳೆಗಾಲಕ್ಕೆ ಗಾಜಿನ ಮೌಂಟ್ ಒಳ್ಳೆಯದಲ್ಲವೇ? ಫಿಲ್ಮಿಗೆ ರಕ್ಷಣೆ ಸಿಗುತ್ತದಲ್ಲ?

ಗಾಜು ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುತ್ತದೆ ಎಂಬುದು ನಿಜ. ಆದರೆ ಆಟಿಯಲ್ಲಿ ಮುಚ್ಚಿದ ಗಾಜಿನ ಮೌಂಟ್ ಆಟಿಯ ತೇವವನ್ನೂ ಒಳಗಿಟ್ಟು ಮುಚ್ಚುತ್ತದೆ. ಬಿಸಿಯಾದಾಗ ಗಾಜಿನ ಒಳಮೈ ಮಂಜಾಗುತ್ತದೆ, ಇಟ್ಟಲ್ಲೇ ಬೂಸ್ಟು ಬರುತ್ತದೆ. ಫಿಲ್ಮಿನ ಹೊಳೆಯುವ ಮೈ ನುಣುಪು ಗಾಜಿಗೆ ತಾಗಿದಲ್ಲಿ ಎಣ್ಣೆ ಚೆಲ್ಲಿದಂಥ ಬಣ್ಣದ ಬಳೆಗಳು, ನ್ಯೂಟನ್ ಉಂಗುರಗಳು, ಕಾಣುತ್ತವೆ. ಗಾಜೇ ಬೇಕೆಂದಿದ್ದರೆ ತರಿಮೈಯ ಗಾಜನ್ನು ಹೊಳೆಯುವ ಮೈಯ ಕಡೆಗೆ ಇಟ್ಟು, ಜನವರಿ–ಫೆಬ್ರವರಿಯ ಒಣ ದಿನಗಳಲ್ಲಿ ಮುಚ್ಚಿ.

ಗಾಳಿಯ ತೇವಾಂಶ ಶೇ. 60 ದಾಟಿದರೆ ಬೂಸ್ಟಿಗೆ ಹಬ್ಬ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದಕ್ಕಿಂತ ಕೆಳಗಿಳಿಯುವ ದಿನ ಅಪರೂಪ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿಡಿ, ಬಣ್ಣ ಹೋದಾಗ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಿ. ಬೂಸ್ಟು ಹಿಡಿದ ಫಿಲ್ಮಿಗೆ ನೀರು ತಾಗಿಸಲೇಬಾರದು: ಬೂಸ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೇ ಜಾರಿಹೋಗುತ್ತದೆ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ತುಸುವೇ ಅದ್ದಿ ಒಂದೇ ದಿಕ್ಕಿಗೆ ಎಳೆಯಿರಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನೂ ಇರುತ್ತದೆ.

ಒಂದೇ ಕ್ಯಾಮೆರಾದಲ್ಲಿ ತೆಗೆದ ಸಮುದ್ರದ ಜೋಡಿ ಎಷ್ಟು ಹೊಂದಿಸಿದರೂ ಕಣ್ಣು ಕುಕ್ಕುತ್ತದೆ. ಯಾಕೆ?

ಅದು ಮೌಂಟಿನ ತಪ್ಪಲ್ಲ. ಎರಡು ಸಲ ಕ್ಲಿಕ್ಕಿಸುವ ನಡುವೆ ಅಲೆ ಬದಲಾಗಿದೆ, ಒಂದೊಂದು ಕಣ್ಣಿಗೆ ಒಂದೊಂದು ಅಲೆ. ಗಾಳಿಗೆ ತೂಗುವ ಕಂಗಿನ ಸೋಗೆಗೂ ಇದೇ ಗತಿ, ಬೆಳಗಿನ ಜಾವ ಗಾಳಿ ಏಳುವ ಮೊದಲು ತೆಗೆಯಿರಿ. ಬಯಲಾಟ, ಕೋಲ, ತೆಯ್ಯಕ್ಕೆ ಒಟ್ಟಿಗೆ ಕ್ಲಿಕ್ ಆಗುವ ಎರಡು ಕ್ಯಾಮೆರಾಗಳೇ ಬೇಕು.

ಹಳೆಯ ಸ್ಟೀರಿಯೋ ರಿಯಲಿಸ್ಟ್ ಕ್ಯಾಮೆರಾದ ಫಿಲ್ಮನ್ನು ಈ ಮೌಂಟಿಗೆ ಹಾಕಬಹುದೇ?

ಹಾಕಬಹುದು, ಆದರೆ ತೆರಪನ್ನು ತುಂಬ ಕಿರಿದು ಮಾಡಬೇಕು. 1947ರಲ್ಲಿ ಬಂದ ಆ ಎರಡು ಲೆನ್ಸಿನ ಕ್ಯಾಮೆರಾ ಒಂದು ಚಿತ್ರಕ್ಕೆ ಎಂಟರ ಬದಲು ಐದು ತೂತಿನಷ್ಟು ಫಿಲ್ಮ್ ಬಳಸುತ್ತದೆ, ಚಿತ್ರದ ಅಗಲ 23 ಮಿ.ಮೀ. ಮಾತ್ರ. ತೆರಪನ್ನು 21ಕ್ಕೆ ಇಳಿಸಿ. ಜೋಡಿಯ ಎರಡು ಚಿತ್ರಗಳು ಫಿಲ್ಮಿನ ಮೇಲೆ ಪಕ್ಕಪಕ್ಕ ಇರುವುದಿಲ್ಲ, ನಡುವೆ ಬೇರೆ ಜೋಡಿಗಳ ಎರಡು ಚಿತ್ರಗಳಿರುತ್ತವೆ. ಕತ್ತರಿಸುವ ಮೊದಲು ಗುರುತು ಹಾಕದಿದ್ದರೆ ಆಮೇಲೆ ಜೋಡಿ ಹುಡುಕುವುದೇ ಕೆಲಸವಾಗುತ್ತದೆ.

ತಪ್ಪಿ ದಿಂಡು ಕತ್ತರಿಸಿಹೋದ ಮೌಂಟನ್ನು ಎಸೆಯಬೇಕೇ?

ಬೇಡ. ದಿಂಡಿದ್ದ ಜಾಗದಲ್ಲಿ ಫಿಲ್ಮಿನಷ್ಟೇ ದಪ್ಪದ, ಹಾಳಾದ ಫಿಲ್ಮಿನದ್ದೇ ಪಟ್ಟಿಯನ್ನು ಸ್ಕೇಲಿಗೆ ಹಿಡಿದು ಅಂಟಿಸಿ. ಇಲ್ಲವಾದರೆ ಪ್ರೊಜೆಕ್ಟರ್ ಹೊಂದಿಸುವ ಖಾಲಿ ಜೋಡಿಗೆ ಇಟ್ಟುಕೊಳ್ಳಿ, ಅದಕ್ಕೆ ದಿಂಡು ಬೇಕಿಲ್ಲ.